41 ವರ್ಷಕ್ಕೇ ಬಾಗಿಲು ಹಾಕಿದ ಸಿಟಿ ಹಾಲ್ ನಿಲ್ದಾಣ: ಎಡವಟ್ಟಾಗಿದ್ದು ಎಲ್ಲಿ?

ನ್ಯೂಯಾರ್ಕಿನ 6ನೇ ನಂಬರ್ ರೈಲು ಮ್ಯಾನ್‌ಹಟನ್ನಿನ ಕೆಳತುದಿಯ ಕಡೆ ಬಂದು ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಅದೇ ಕೊನೆಯ ಸ್ಟಾಪ್. ಎಲ್ಲರೂ ಇಳಿದು ಹೋದರು. ನಾನು ಮತ್ತು ಅಪ್ಪ ಮಾತ್ರ ಬಲಗಡೆಯ ಕಿಟಕಿಗೆ ಅಂಟಿಕೊಂಡು ಕೂತೇ ಇದ್ದೆವು. ಅಪ್ಪನಿಗೆ ಒಳಗೊಳಗೇ ಪುಕಪುಕ. "ಏ, ಯಾರಾದ್ರೂ ಬಂದು ಬೈತಾರೆ ಕಣೋ, ಇಳಿಯೋಣ ಬಾ" ಅಂತ ಎರಡು ಸಲ ಅಂದರು. ಯಾರೂ ಬರಲಿಲ್ಲ. ಬಾಗಿಲು ಮುಚ್ಚಿತು, ಖಾಲಿ ರೈಲು ನಿಧಾನಕ್ಕೆ ಹೊರಟಿತು, ಸ್ವಲ್ಪ ದೂರಕ್ಕೇ ಚಕ್ರಗಳು ಹಳಿಗೆ ಉಜ್ಜಿ ಕಿರುಚತೊಡಗಿದವು. ಅಂಥಾ ಕಡಿದಾದ ತಿರುವು.

ಆಮೇಲೆ ಕತ್ತಲಲ್ಲಿ ಒಂದೊಂದೇ ಕಮಾನು ಕಾಣಿಸಿತು. ಹಳದಿ ದೀಪ, ಕೆನೆ ಬಣ್ಣದ ಹೆಂಚು, ಕಮಾನಿನ ಅಂಚಿಗೆ ಕಡು ಹಸಿರು ಪಟ್ಟಿ, ಮೇಲಿನಿಂದ ಇಳಿಬಿಟ್ಟ ಹಿತ್ತಾಳೆಯ ತೂಗುದೀಪಗಳು, ಬಿಲ್ಲಿನ ಹಾಗೆ ಬಗ್ಗಿದ ಖಾಲಿ ಪ್ಲಾಟ್‌ಫಾರ್ಮ್. ಪೂರ್ತಿ ನೋಡುವಷ್ಟರಲ್ಲಿ ಮುಗಿದೇ ಹೋಯಿತು. ರೈಲು ಒಂದು ಸುತ್ತು ಹಾಕಿ ಮತ್ತೆ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣದ ಆಚೆ ಬದಿಗೆ ಬಂದು ನಿಂತಿತು.

ಅಪ್ಪ ಪಿಡಬ್ಲ್ಯುಡಿಯಲ್ಲಿ ಓವರ್‌ಸಿಯರ್ ಆಗಿ ರಿಟೈರ್ ಆದವರು. ಮೋರಿ, ಸೇತುವೆ, ಶಾಲೆ ಕಟ್ಟಡ ಅಂತ ಮೂವತ್ತು ವರ್ಷ ಕಳೆದವರು. ದೀಪದ ಬಗ್ಗೆ ಚೆಂದದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. "ಕಂಬ ಎಲ್ಲೋ?" ಅಂತ ಕೇಳಿದರು. ಆಮೇಲೆ, "ಇನ್ನೊಂದು ಸಲ ಹೋಗೋಣ."

ಅವತ್ತು ಮೂರು ಸಲ ಹೋದೆವು. ಅಪ್ಪನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ನನಗೆ ಇನ್ನೊಂದು ಪ್ರಶ್ನೆ ಸಿಕ್ಕಿತು. ನಗರಸಭೆ ಕಟ್ಟಡದ ಹತ್ತಿರ, ನೆಲದಡಿಯಲ್ಲಿ, ಇಷ್ಟು ಮುತುವರ್ಜಿಯಿಂದ ಕಟ್ಟಿದ ಈ ಸಿಟಿ ಹಾಲ್ ನಿಲ್ದಾಣ 1904ರಲ್ಲಿ ಶುರುವಾಗಿ 1945ಕ್ಕೇ ಮುಚ್ಚಿದ್ದು ಯಾಕೆ? ಮುಚ್ಚಿದ ಮೇಲೂ ಹಾಳಾಗದೆ ಉಳಿದಿದ್ದು ಹೇಗೆ? ಎರಡಕ್ಕೂ ಉತ್ತರ ಒಂದೇ, ಆ ತಿರುವು. ಇಲ್ಲಿ ಬರೆದಿರುವುದು ಅದನ್ನೇ.

ಮೊದಲು ಹಿನ್ನೆಲೆ, ಚುಟುಕಾಗಿ

ನ್ಯೂಯಾರ್ಕಿನಲ್ಲಿ ನೆಲದಡಿ ರೈಲು ಬೇಕು ಅನ್ನುವ ಮಾತು ಬಹಳ ಹಳೆಯದು. ತಮಾಷೆ ಅಂದರೆ ಮೊದಲ ಪ್ರಯತ್ನ ನಡೆದಿದ್ದೂ ಸಿಟಿ ಹಾಲ್ ಪಾರ್ಕಿನ ಪಕ್ಕದಲ್ಲೇ. ಆಲ್‌ಫ್ರೆಡ್ ಈಲಿ ಬೀಚ್ ಅನ್ನುವವರು ಟಪಾಲು ಕೊಳವೆ ಹಾಕುತ್ತೇನೆ ಅಂತ ಅನುಮತಿ ತಗೊಂಡು, ಒಳಗೊಳಗೇ ಜನ ಕೂತು ಹೋಗುವಷ್ಟು ದೊಡ್ಡ ಸುರಂಗ ಕೊರೆಸಿಬಿಟ್ಟರು! 1870ರ ಫೆಬ್ರವರಿಯಲ್ಲಿ ಅದು ಜನರಿಗೆ ತೆರೆಯಿತು. ಒಂದೇ ಒಂದು ಬೋಗಿ, ಅದನ್ನು ತಳ್ಳುವುದಕ್ಕೆ ದೈತ್ಯ ಫ್ಯಾನು. ಉದ್ದ ಸುಮಾರು 300 ಅಡಿ. ಮೂರು ವರ್ಷ ನಡೆದು ಮುಚ್ಚಿತು. 1912ರಲ್ಲಿ ಇನ್ನೊಂದು ಮೆಟ್ರೋ ಮಾರ್ಗಕ್ಕೆ ಅಗೆಯುವಾಗ ಕೂಲಿಯವರಿಗೆ ಆ ಸುರಂಗ ಹಾಗೆಯೇ ಸಿಕ್ಕಿತಂತೆ.

ನಿಜವಾದ ಒತ್ತಡ ಬಂದಿದ್ದು 1888ರ ಮಾರ್ಚ್ ತಿಂಗಳ ಹಿಮಬಿರುಗಾಳಿಯಿಂದ. ಆಗ ಊರಿನ ರೈಲುಗಳು ರಸ್ತೆ ಮೇಲೆ ಕಬ್ಬಿಣದ ಕಂಬಗಳ ಮೇಲೆ ಓಡುತ್ತಿದ್ದವು. ಹಿಮ ಬಿದ್ದು ಎಲ್ಲಾ ನಿಂತುಹೋಯಿತು, ಜನ ಮೇಲೇ ಸಿಕ್ಕಿಕೊಂಡರು. ಅದಾದ ಮೇಲೆ ಹನ್ನೆರಡು ವರ್ಷ ಬರೀ ಜಗಳ, ಕಾನೂನು, ಕೋರ್ಟು. ಕೊನೆಗೆ 1900ರ ಮಾರ್ಚ್ 24ರಂದು ಸಿಟಿ ಹಾಲ್ ಎದುರಿಗೇ ಗುದ್ದಲಿ ಪೂಜೆ ಆಯಿತು. (ಪೂಜೆ ಅಂದಿದ್ದು ನಮ್ಮ ಅಭ್ಯಾಸ. ಅಲ್ಲಿ ಮೇಯರ್ ಬೆಳ್ಳಿ ಸಲಿಕೆಯಿಂದ ಮಣ್ಣು ತೆಗೆದಿದ್ದು ಅಷ್ಟೇ.) ಮುಖ್ಯ ಎಂಜಿನಿಯರ್ ವಿಲಿಯಂ ಬಾರ್ಕ್ಲೇ ಪಾರ್ಸನ್ಸ್. ಗುತ್ತಿಗೆದಾರ ಜಾನ್ ಮೆಕ್‌ಡೊನಾಲ್ಡ್. ದುಡ್ಡು ಹಾಕಿದವರು ಬ್ಯಾಂಕರ್ ಆಗಸ್ಟ್ ಬೆಲ್‌ಮಾಂಟ್. ಕಂಪನಿಯ ಹೆಸರು ಇಂಟರ್‌ಬರೋ ರಾಪಿಡ್ ಟ್ರಾನ್ಸಿಟ್, ಚಿಕ್ಕದಾಗಿ ಐಆರ್‌ಟಿ. ಅಗೆದವರು 7,000ಕ್ಕೂ ಹೆಚ್ಚು ಕೂಲಿಗಳು, ಇಟಲಿಯಿಂದ ಐರ್ಲೆಂಡಿನಿಂದ ಬಂದವರು, ಕಪ್ಪು ಜನ. ದಿನಗೂಲಿ 2 ಡಾಲರ್ ಆಸುಪಾಸು.

ಆ ಗುತ್ತಿಗೆ ಕರಾರಿನಲ್ಲಿ ಒಂದು ಕಲಮು ಇದೆ, ನನಗೆ ಬಹಳ ಇಷ್ಟವಾಗಿದ್ದು ಅದು. ಇದು ದೊಡ್ಡ ಸಾರ್ವಜನಿಕ ಕಾಮಗಾರಿ, ಹಾಗಾಗಿ ಜನರ ಕಣ್ಣಿಗೆ ಬೀಳುವ ಭಾಗಗಳನ್ನೆಲ್ಲ ಬರೀ ಉಪಯೋಗಕ್ಕೆ ಅಂತಲ್ಲ, ಚೆಂದ ಕಾಣುವ ಹಾಗೂ ಕಟ್ಟಬೇಕು, ಹಾಗೇ ಇಟ್ಟುಕೊಳ್ಳಬೇಕು ಅನ್ನುವ ಅರ್ಥದ್ದು. ಟೆಂಡರ್ ಕಾಗದದಲ್ಲಿ ಚೆಂದ ಅನ್ನುವ ಪದ! ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. "ನಮ್ಮ ಎಸ್ಟಿಮೇಟಲ್ಲಿ ಸುಣ್ಣದ ರೇಟು ಬಿಟ್ರೆ ಅಂಥದ್ದೇನೂ ಇರ್ತಿರಲಿಲ್ಲ" ಅಂದರು.

ತಿರುವು ಯಾಕೆ ಬಂತು

ಮೊದಲ ಮಾರ್ಗ ಸಿಟಿ ಹಾಲಿನಿಂದ ಉತ್ತರಕ್ಕೆ 145ನೇ ರಸ್ತೆವರೆಗೆ, ಸುಮಾರು 9 ಮೈಲಿ, 28 ನಿಲ್ದಾಣ. ಬಹುಪಾಲು ನಾಲ್ಕು ಹಳಿ. ಒಳಗಿನ ಎರಡರಲ್ಲಿ ಎಕ್ಸ್‌ಪ್ರೆಸ್, ಹೊರಗಿನ ಎರಡರಲ್ಲಿ ಎಲ್ಲಾ ಕಡೆ ನಿಲ್ಲುವ ಲೋಕಲ್. ದಕ್ಷಿಣದ ತುದಿಗೆ ಬಂದ ಲೋಕಲ್ ರೈಲನ್ನು ವಾಪಸ್ ತಿರುಗಿಸುವುದು ಹೇಗೆ? ಡ್ರೈವರ್ ಇಳಿದು, ಪ್ಲಾಟ್‌ಫಾರ್ಮ್ ಪೂರ್ತಿ ನಡೆದು, ಹಿಂದಿನ ಬೋಗಿಗೆ ಹೋಗಿ ಕೂತು ಹೊರಡಬಹುದು. ಆದರೆ ಅಷ್ಟು ಹೊತ್ತು ಹಿಂದಿನ ರೈಲು ಕಾಯಬೇಕು. ಅದಕ್ಕೆ ಅವರು ಮಾಡಿದ್ದು ನಮ್ಮ ಹಳ್ಳಿ ಬಸ್ ಅರಳಿಕಟ್ಟೆ ಸುತ್ತು ಹಾಕಿ ತಿರುಗಿಕೊಳ್ಳುತ್ತದಲ್ಲ, ಅದೇ ಉಪಾಯ. ಪಾರ್ಕಿನ ಕೆಳಗೆ ಹಳಿಯನ್ನೇ ಗುಂಡಗೆ ಸುತ್ತಿಸಿದರು. ರೈಲು ನಿಲ್ಲುವುದೇ ಬೇಡ, ಹಾಗೇ ಸುತ್ತಿ ಬಂದು ಉತ್ತರಕ್ಕೆ ಹೊರಡುತ್ತದೆ.

ಆ ಸುತ್ತಿನ ಮೇಲೇ ನಿಲ್ದಾಣವನ್ನೂ ಕೂರಿಸಿದರು. ಮೇಲೆ ನಗರಸಭೆಯ ಕಟ್ಟಡ, ಊರಿನ ಆಡಳಿತದ ಮೂಲಸ್ಥಾನ. ಉದ್ಘಾಟನೆಯೂ ಇಲ್ಲೇ ಆಗಬೇಕು. ಹಾಗಾಗಿ ಉಳಿದ 27 ನಿಲ್ದಾಣಗಳಿಗಿಂತ ಇದಕ್ಕೆ ಒಂದು ಕೈ ಜಾಸ್ತಿಯೇ ಖರ್ಚು ಮಾಡಿದರು.

ಸೆಂಟ್ರಿಂಗ್ ಇಲ್ಲದ ಕಮಾನು

ಈಗ ಅಪ್ಪನ ಪ್ರಶ್ನೆ: ಕಂಬ ಎಲ್ಲಿ?

ಆ ಮಾರ್ಗದ ಬೇರೆ ನಿಲ್ದಾಣಗಳಲ್ಲಿ ಸಾಲು ಸಾಲು ಕಬ್ಬಿಣದ ಕಂಬ ಇವೆ. ಚಾವಣಿ ಚಪ್ಪಟೆ. ಉಕ್ಕಿನ ತೊಲೆಗಳು, ತೊಲೆಗಳ ನಡುವೆ ಕಾಂಕ್ರೀಟಿನ ಸಣ್ಣ ಸಣ್ಣ ಕಮಾನು. ಅಪ್ಪ ಅದನ್ನು ನೋಡಿದ ಕೂಡಲೇ "ಓ, ಜಾಕ್ ಆರ್ಚ್" ಅಂದರು. ನಮ್ಮ ಹಳೇ ರೈಲ್ವೆ ಕಟ್ಟಡಗಳಲ್ಲೂ ಆ ತರಹದ ಚಾವಣಿ ಇದೆ. ಆದರೆ ಸಿಟಿ ಹಾಲ್ ನಿಲ್ದಾಣದಲ್ಲಿ ಒಂದೇ ಹಳಿ, ಒಂದೇ ಪ್ಲಾಟ್‌ಫಾರ್ಮ್, ಅದೂ ಬಗ್ಗಿದ್ದು. ಅದರ ಮೇಲೆ ನೇರ ತೊಲೆ ಸಾಲಾಗಿ ಇಟ್ಟರೆ ಬೀಸಣಿಗೆ ಬಿಚ್ಚಿದ ಹಾಗೆ ಓರೆಕೋರೆ. ವಿನ್ಯಾಸ ಮಾಡಿದ ಹೈನ್ಸ್ ಮತ್ತು ಲಾಫಾರ್ಜ್ ಅಲ್ಲಿ ತೊಲೆ ಕಂಬಗಳ ಗೊಡವೆಗೇ ಹೋಗದೆ ಹಳಿಯನ್ನೂ ಪ್ಲಾಟ್‌ಫಾರ್ಮನ್ನೂ ಒಟ್ಟಿಗೆ ಮುಚ್ಚುವ ಕಮಾನು ಚಾವಣಿ ಆರಿಸಿಕೊಂಡರು. ಇವರಿಬ್ಬರೂ ಭಾವ ಭಾಮೈದ, ಲಾಫಾರ್ಜ್ ಅವರ ಅಕ್ಕತಂಗಿಯರಲ್ಲಿ ಒಬ್ಬರನ್ನು ಹೈನ್ಸ್ ಮದುವೆಯಾಗಿದ್ದರು. ಅದೇ ಊರಿನಲ್ಲಿ ಸೇಂಟ್ ಜಾನ್ ದಿ ಡಿವೈನ್ ಅನ್ನುವ ಮಹಾ ಇಗರ್ಜಿಗೂ ಮೊದಲ ನಕ್ಷೆ ಇವರದ್ದೇ. ಈ ನಿಲ್ದಾಣ ನೋಡಿದರೆ ಇಗರ್ಜಿಯ ನೆನಪಾಗುವುದು ಸುಮ್ನೆ ಅಲ್ಲ.

ಕಮಾನು ಕಟ್ಟಿದ್ದು ಗ್ವಾಸ್ಟವಿನೋ ಕಂಪನಿ. ರಫಾಯೆಲ್ ಗ್ವಾಸ್ಟವಿನೋ ಸ್ಪೇನ್ ದೇಶದ ವಲೆನ್ಸಿಯಾದವರು, ಬಾರ್ಸಿಲೋನಾದಲ್ಲಿ ಕೆಲಸ ಮಾಡಿ ಹೆಸರು ಮಾಡಿ, 1881ರಲ್ಲಿ ಚಿಕ್ಕ ಮಗನನ್ನು ಕರೆದುಕೊಂಡು ನ್ಯೂಯಾರ್ಕಿಗೆ ಬಂದರು. ಅವರ ಕಡೆ ಊರುಗಳಲ್ಲಿ ತಲೆತಲಾಂತರದಿಂದ ಇದ್ದ ಗಾರೆ ಕೆಲಸದ ಒಂದು ವಿದ್ಯೆಯನ್ನು ಇಲ್ಲಿಗೆ ತಂದು, ತಿದ್ದಿ, 1885ರಲ್ಲಿ ಪೇಟೆಂಟ್ ಮಾಡಿಸಿದರು. ಆಗ ಅಮೆರಿಕದ ಊರುಗಳಿಗೆ ಬೆಂಕಿಯದ್ದೇ ದೊಡ್ಡ ಹೆದರಿಕೆ. ಸುಟ್ಟ ಮಣ್ಣಿನ ಹೆಂಚು ಮತ್ತೆ ಸುಡುವುದಿಲ್ಲ, ಅಲ್ವಾ? ಅದೇ ಅವರ ವ್ಯಾಪಾರದ ಗುಟ್ಟು.

ಆ ವಿದ್ಯೆ ಹೀಗೆ. ಮಾಮೂಲಿ ಕಲ್ಲಿನ ಅಥವಾ ಇಟ್ಟಿಗೆಯ ಕಮಾನು ಕಟ್ಟಬೇಕಾದರೆ ಕೆಳಗೆ ಮರದ ಸೆಂಟ್ರಿಂಗ್ ಬೇಕೇ ಬೇಕು. ಕೊನೆಯ ಕಲ್ಲು ಕೂರುವ ತನಕ ಕಮಾನು ತಾನಾಗಿ ನಿಲ್ಲುವುದಿಲ್ಲ. ಗ್ವಾಸ್ಟವಿನೋ ಮೇಸ್ತ್ರಿಗಳು ಸುಮಾರು ಒಂದು ಅಂಗುಲ ದಪ್ಪದ ಚಪ್ಪಟೆ ಹೆಂಚು ತಗೊಳ್ಳುತ್ತಿದ್ದರು. ಮೊದಲ ಪದರವನ್ನು ಬೇಗ ಗಟ್ಟಿಯಾಗುವ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಚಿಗೆ ಅಂಚು ಅಂಟಿಸುವುದು. ಹೆಂಚಿನ ಎರಡು ಅಂಚಿಗೆ ಪ್ಲಾಸ್ಟರ್ ಸವರಿ, ಮೊದಲೇ ಕೂತ ಹೆಂಚಿನ ಮೂಲೆಗೆ ಒತ್ತಿ, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಬಿಟ್ಟರೆ ಆಯಿತು, ಅದು ಗಾಳಿಯಲ್ಲಿ ನಿಂತುಬಿಡುತ್ತದೆ. ಹೆಂಚು ಹಗುರ, ಅಂಟು ಗಟ್ಟಿ. ಹಾಗೇ ಒಂದೊಂದೇ ಸಾಲು ಮುಂದಕ್ಕೆ. ಅದರ ಮೇಲೆ ಸಿಮೆಂಟ್ ಗಾರೆ ಹಾಕಿ ಎರಡನೇ ಪದರ, ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರದ ಹಾಗೆ. ಮತ್ತೆ ಬೇಕಾದರೆ ಮೂರನೇ ಪದರ. ಪ್ಲೈವುಡ್ ಹಾಳೆಗಳನ್ನು ಅಡ್ಡಡ್ಡ ಅಂಟಿಸುತ್ತಾರಲ್ಲ, ಹಾಗೆ. ಕೊನೆಗೆ ಹೆಂಚು, ಗಾರೆ ಎಲ್ಲಾ ಸೇರಿ ಒಂದೇ ಚಿಪ್ಪು. ಮೊಟ್ಟೆಯ ಓಡು ತೆಳ್ಳಗಿದ್ದೂ ಗಟ್ಟಿ ಇರುತ್ತದಲ್ಲ, ಬಲ ಇರುವುದು ದಪ್ಪದಲ್ಲಲ್ಲ, ಬಾಗಿನಲ್ಲಿ.

ಅಪ್ಪ ಇದನ್ನು ಕೇಳಿ ಸುಮಾರು ಹೊತ್ತು ಸುಮ್ಮನಿದ್ದರು. "ಸೆಂಟ್ರಿಂಗ್ ಇಲ್ದೆ ಕೆಳಗೆ ನಿಂತ್ಕೊಳ್ಳೋಕೆ ಯಾವ ಕೂಲಿ ಒಪ್ತಾನೋ" ಅಂದರು. ಆಮೇಲೆ ಅವರೇ, ಹಳೇ ಕಚೇರಿಗಳ ಮದ್ರಾಸ್ ತಾರಸಿಯಲ್ಲಿ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟುತ್ತಿದ್ದರು, ಅಲ್ಲೂ ಕೆಳಗೆ ಹಲಗೆ ಹೊಡೆಯುತ್ತಿರಲಿಲ್ಲ ಅಂತ ನೆನಪು ಮಾಡಿಕೊಂಡರು. ಎರಡೂ ಒಂದೇ ಅಲ್ಲ, ಆದರೆ ಬೇಗ ಹಿಡಿಯುವ ಗಾರೆಯನ್ನು ನಂಬಿ ಕೈ ಬಿಡುವ ಧೈರ್ಯ ಒಂದೇ.

ಬಾಳಿಕೆಯ ಬಗ್ಗೆ ಅನುಮಾನ ಇದ್ದರೆ ಎರಡು ಉದಾಹರಣೆ. ಎಲ್ಲಿಸ್ ದ್ವೀಪದಲ್ಲಿ ವಲಸೆ ಬಂದವರನ್ನು ನೋಂದಾಯಿಸುತ್ತಿದ್ದ ದೊಡ್ಡ ಹಜಾರದ ಚಾವಣಿ ಇದೇ ಕಂಪನಿಯದ್ದು. 1980ರ ದಶಕದಲ್ಲಿ ರಿಪೇರಿಗೆ ಕೈ ಹಾಕಿದಾಗ 28,000ಕ್ಕೂ ಹೆಚ್ಚು ಹೆಂಚುಗಳಲ್ಲಿ ಬದಲಾಯಿಸಬೇಕಾಗಿ ಬಂದಿದ್ದು 17. ಇನ್ನು ಸೇಂಟ್ ಜಾನ್ ಇಗರ್ಜಿಯ ನಡುಮಧ್ಯದ ಗುಮ್ಮಟವನ್ನು 1909ರಲ್ಲಿ ಮಗ ಗ್ವಾಸ್ಟವಿನೋ ತಾತ್ಕಾಲಿಕ ಅಂತ ಕಟ್ಟಿಕೊಟ್ಟರು. ಆ ತಾತ್ಕಾಲಿಕ ಗುಮ್ಮಟ ನೂರು ವರ್ಷ ದಾಟಿದರೂ ಅಲ್ಲೇ ಇದೆ.

ನಿಲ್ದಾಣದಲ್ಲಿ ನಾನು ಕಿಟಕಿಯಿಂದ ಸರಿಯಾಗಿ ನೋಡಲಾಗದೇ ಹೋಗಿದ್ದು ಚಾವಣಿಯ ಬೆಳಕಿಂಡಿಗಳು. ಹಂಚಿನ ಮನೆಯ ನಡುವೆ ಒಂದು ಗಾಜಿನ ಹೆಂಚು ಇಟ್ಟು ಬೆಳಕು ಬಿಡುತ್ತೇವಲ್ಲ, ಅದೇ ಆಲೋಚನೆ, ಮೇಲಿನ ಪಾರ್ಕಿನ ಬಿಸಿಲು ಸೀಸದ ಪಟ್ಟಿಯಲ್ಲಿ ಕೂರಿಸಿದ ಗಾಜಿನ ಮೂಲಕ ನೇರ ಪ್ಲಾಟ್‌ಫಾರ್ಮಿಗೆ ಇಳಿಯುತ್ತಿತ್ತು. ಮೆಟ್ರೋ ಆಳದಲ್ಲಿಲ್ಲ, ರಸ್ತೆ ಅಗೆದು ಕಟ್ಟಿ ಮುಚ್ಚಿದ್ದು, ಅದಕ್ಕೇ ಇದು ಸಾಧ್ಯವಾಯಿತು.

ಉದ್ಘಾಟನೆ

1904ರ ಅಕ್ಟೋಬರ್ 27, ಗುರುವಾರ. ಮೇಯರ್ ಜಾರ್ಜ್ ಮೆಕ್‌ಲೆಲನ್ ಕೈಗೆ ರೈಲು ಓಡಿಸುವ ಬೆಳ್ಳಿಯ ಹಿಡಿಕೆ ಕೊಟ್ಟರು. ಲೆಕ್ಕ ಇದ್ದಿದ್ದು ಅವರು ಸುಮ್ನೆ ರೈಲು ಶುರು ಮಾಡಿ ಡ್ರೈವರಿಗೆ ಬಿಟ್ಟುಕೊಡುತ್ತಾರೆ ಅಂತ. ಮೇಯರಿಗೆ ಮಜಾ ಬಂದುಬಿಟ್ಟಿತು. ಕಂಪನಿಯವರು ಕೇಳಿದರೂ ಬಿಡದೆ 103ನೇ ರಸ್ತೆವರೆಗೆ ತಾವೇ ಓಡಿಸಿದರು. ಪಕ್ಕದಲ್ಲಿ ನಿಂತಿದ್ದವರ ಮುಖ ಹೇಗಿತ್ತೋ. ಸಂಜೆ 7 ಗಂಟೆಗೆ ಜನರನ್ನು ಬಿಟ್ಟರು, ಟಿಕೆಟ್ 5 ಸೆಂಟ್, ಅವತ್ತು ಒಂದೇ ರಾತ್ರಿ ಒಂದು ಲಕ್ಷಕ್ಕೂ ಹೆಚ್ಚು ಜನ ಹತ್ತಿದರು.

ಕಟ್ಟಿದವರ ಹೆಸರಿನ ಲೋಹದ ಫಲಕವೊಂದನ್ನು ನಿಲ್ದಾಣದಲ್ಲಿ ಹಾಕಿದ್ದಾರೆ. ಮಾಡಿದ್ದು ಗಟ್ಜನ್ ಬೋರ್ಗ್ಲಮ್, ಆಮೇಲೆ ಮೌಂಟ್ ರಶ್ಮೋರ್ ಬೆಟ್ಟದಲ್ಲಿ ನಾಲ್ಕು ಅಧ್ಯಕ್ಷರ ಮುಖ ಕೆತ್ತಿಸಿದ ಅದೇ ಶಿಲ್ಪಿ.

ಬಿಲ್ಲು, ಹೆದೆ ಮತ್ತು ನಡುಬಾಗಿಲು

ತೊಂದರೆ ಶುರುವಾಗಿದ್ದು ಬಹಳ ಬೇಗ. 1905ರ ಜನವರಿಗೇ, ಅಂದರೆ ಮೂರು ತಿಂಗಳೂ ತುಂಬುವ ಮೊದಲೇ, ಎಕ್ಸ್‌ಪ್ರೆಸ್ ಹಳಿಗಳು ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣದಿಂದ ಇನ್ನೂ ದಕ್ಷಿಣಕ್ಕೆ ಫುಲ್ಟನ್ ರಸ್ತೆವರೆಗೆ ಹೋದವು. 1908ಕ್ಕೆ ನದಿಯ ಕೆಳಗೆ ಬ್ರೂಕ್ಲಿನ್ನಿಗೇ ಮುಟ್ಟಿದವು. ಆ ಹಳಿಗಳು ಸಿಟಿ ಹಾಲ್ ಸುತ್ತಿಗೆ ಬರುವುದೇ ಇಲ್ಲ. ಪಕ್ಕದ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣ ಕಾಲ್ನಡಿಗೆಯಲ್ಲಿ ಎರಡು ಮೂರು ನಿಮಿಷ. ಅಲ್ಲಿ ಲೋಕಲ್ ಸಿಗುತ್ತದೆ, ಎಕ್ಸ್‌ಪ್ರೆಸ್ಸೂ ಸಿಗುತ್ತದೆ, ಸೇತುವೆ ದಾಟುವ ಟ್ರಾಮೂ ಸಿಗುತ್ತದೆ. ಹಾಗಿರುವಾಗ ಚೆಂದದ ಚಾವಣಿ ನೋಡುವುದಕ್ಕೆ ಅಂತ ಯಾರು ಸಿಟಿ ಹಾಲಿಗೆ ಹೋಗಿ ಬರೀ ಲೋಕಲ್ ಹತ್ತುತ್ತಾರೆ? ಕೆಲಸಕ್ಕೆ ಹೋಗುವವನು ಹತ್ತುವುದು ಬೇಗ ಮುಟ್ಟಿಸುವ ರೈಲನ್ನು.

ಎರಡನೆಯದು ಬೋಗಿಗಳದ್ದು. ಇದು ಸ್ವಲ್ಪ ನಿಧಾನಕ್ಕೆ ಹೇಳಬೇಕು.

ಈ ಪ್ಲಾಟ್‌ಫಾರ್ಮ್ ತಿರುವಿನ ಹೊರಬದಿಯಲ್ಲಿದೆ. ಒಂದು ಬಿಲ್ಲು ಅಂದುಕೊಳ್ಳಿ. ಬಗ್ಗಿದ ಕೋಲು ಪ್ಲಾಟ್‌ಫಾರ್ಮಿನ ಅಂಚು, ಬಿಗಿದ ಹೆದೆ ಬೋಗಿಯ ಗೋಡೆ. ಬೋಗಿ ಬಗ್ಗುವುದಿಲ್ಲ, 51 ಅಡಿ ನೇರ ಪೆಟ್ಟಿಗೆ ಅದು. ಹೆದೆಯ ಎರಡು ತುದಿ ಕೋಲಿಗೆ ತಾಗುತ್ತವೆ, ನಡುವೆ ಸಂದು. ಮನೆಯಲ್ಲಿ ಊಟದ ತಟ್ಟೆಯ ಒಳ ಅಂಚಿಗೆ ಒಂದು ಸ್ಕೇಲ್ ಇಟ್ಟು ನೋಡಿ, ಗೊತ್ತಾಗುತ್ತದೆ. 1904ರ ಬೋಗಿಗಳಿಗೆ ಬಾಗಿಲು ಇದ್ದಿದ್ದು ಎರಡು ತುದಿಯಲ್ಲಿ ಮಾತ್ರ. ಅಂದರೆ ಪ್ಲಾಟ್‌ಫಾರ್ಮ್ ಎಲ್ಲಿ ಹತ್ತಿರವೋ ಬಾಗಿಲೂ ಅಲ್ಲೇ. ಲೆಕ್ಕ ಸರಿಯಾಗಿತ್ತು. ವಿನ್ಯಾಸಕರು ತಪ್ಪು ಮಾಡಿರಲಿಲ್ಲ.

ಆದರೆ ಜನ ನೂಕುನುಗ್ಗಲು. ತುದಿಯ ಬಾಗಿಲಲ್ಲಿ ಇಳಿಯುವವರು ಹತ್ತುವವರು ಜಜ್ಜಾಡಿ ರೈಲು ನಿಲ್ಲುವ ಹೊತ್ತು ಜಾಸ್ತಿ ಆಗುತ್ತಿತ್ತು. ಹಾಗಾಗಿ 1909ರ ಹೊತ್ತಿನಿಂದ ಬೋಗಿಗಳ ನಡುವೆಯೂ ಒಂದು ಬಾಗಿಲು ಕೊರೆಸಿದರು. ಬೇರೆಲ್ಲಾ ನಿಲ್ದಾಣಗಳಲ್ಲಿ ಇದರಿಂದ ಅನುಕೂಲವೇ. ಸಿಟಿ ಹಾಲಿನಲ್ಲಿ ಮಾತ್ರ ಆ ನಡುಬಾಗಿಲು ಸರಿಯಾಗಿ ಸಂದು ಅತಿ ಅಗಲ ಇರುವ ಕಡೆ ಬಂದು ನಿಂತಿತು. ಕಾಲು ಜಾರಿದರೆ ಹಳಿಗೆ.

ಮೂರನೆಯದು ಉದ್ದ. ಪ್ಲಾಟ್‌ಫಾರ್ಮಿನಲ್ಲಿ ಹಿಡಿಸುವುದು 5 ಬೋಗಿ. ಊರು ಬೆಳೆಯಿತು, ರೈಲುಗಳೂ ಉದ್ದವಾಗುತ್ತಾ ಹೋದವು. ಲೋಕಲ್ ನಿಲ್ದಾಣಗಳನ್ನು 10 ಬೋಗಿಗೆ ಉದ್ದ ಮಾಡುವ ಯೋಜನೆ ಬಂತು. ನೇರ ನಿಲ್ದಾಣ ಆದರೆ ತುದಿಯಲ್ಲಿ ಅಗೆದು ಮುಂದುವರಿಸಬಹುದು, ಎಷ್ಟೋ ಕಡೆ ಹಾಗೇ ಮಾಡಿದರು. ಇಲ್ಲಿ ಮುಂದುವರಿಸಿದಷ್ಟೂ ತಿರುವೇ, ಕಮಾನು ಒಡೆಯಬೇಕು, ಒಡೆದ ಮೇಲೂ ಸಂದಿನ ಸಮಸ್ಯೆ ಇದ್ದಿದ್ದೇ.

1945ರಲ್ಲಿ ದಿನಕ್ಕೆ ಈ ನಿಲ್ದಾಣ ಬಳಸುತ್ತಿದ್ದವರು ಸುಮಾರು 600 ಜನ. ಆ ಹೊತ್ತಿಗೆ ಮೆಟ್ರೋ ಕಂಪನಿಯ ಕೈಯಿಂದ ನಗರದ ಕೈಗೆ ಬಂದಿತ್ತು, 1940ರಲ್ಲೇ. 1945ರ ಡಿಸೆಂಬರ್ 31ರಂದು ನಿಲ್ದಾಣ ಮುಚ್ಚಿದರು. ಮೇಯರ್ ಲಾ ಗ್ವಾರ್ಡಿಯಾ ಅಧಿಕಾರ ಮುಗಿದಿದ್ದೂ ಅದೇ ದಿನ. ಮೇಲೆ ಮೇಯರ್, ಕೆಳಗೆ ನಿಲ್ದಾಣ, ಇಬ್ಬರದ್ದೂ ಒಟ್ಟಿಗೆ ಬೀಳ್ಕೊಡುಗೆ.

ಉಳಿಸಬಹುದಿತ್ತಾ?

ತಾಂತ್ರಿಕವಾಗಿ ನೋಡಿದರೆ ಹೌದು, ಉಳಿಸಬಹುದಿತ್ತು. ಅದಕ್ಕೆ ಸಾಕ್ಷಿ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಲ್ಲಿರುವ ಸೌತ್ ಫೆರಿ ನಿಲ್ದಾಣ. 1905ರಲ್ಲಿ ತೆರೆದಿದ್ದು, ಅದೂ ಇದೇ ತರಹದ ಸುತ್ತು, ಅದೂ 5 ಬೋಗಿಯಷ್ಟೇ ಉದ್ದ, ಅದೇ ಸಂದಿನ ಸಮಸ್ಯೆ. ಅಲ್ಲಿ ಏನು ಮಾಡಿದರು ಅಂದರೆ ರೈಲು ನಿಂತ ಮೇಲೆ ಪ್ಲಾಟ್‌ಫಾರ್ಮಿನ ಅಂಚಿನಿಂದ ಕಬ್ಬಿಣದ ಜಾಲರಿ ಹೊರಚಾಚಿ ಸಂದು ಮುಚ್ಚುವ ಯಂತ್ರ ಇಟ್ಟರು. ಆಮೇಲೆ ರೈಲುಗಳು 10 ಬೋಗಿ ಆದಾಗ ಮುಂದಿನ 5 ಬೋಗಿಗಳ ಬಾಗಿಲು ಮಾತ್ರ ತೆಗೆಯುತ್ತಿದ್ದರು. ಹಾಗೇ ಏಗಿಕೊಂಡು 2009ರವರೆಗೆ ನಡೆಯಿತು. ಅದರ ಜಾಗಕ್ಕೆ ಬಂದ ಹೊಸ ನಿಲ್ದಾಣ 2012ರ ಸ್ಯಾಂಡಿ ಚಂಡಮಾರುತದಲ್ಲಿ ಮುಳುಗಿಹೋಗಿ, ಹಳೆಯದನ್ನೇ 2013ರಿಂದ 2017ರವರೆಗೆ ಮತ್ತೆ ಓಡಿಸಿದರು!

ಸೌತ್ ಫೆರಿಯಲ್ಲೇ ಒಳಸುತ್ತಿನ ಇನ್ನೊಂದು ಪ್ಲಾಟ್‌ಫಾರ್ಮ್ ಇತ್ತು. ಅದು ತಿರುವಿನ ಒಳಬದಿ. ಅಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಬೋಗಿಯ ನಡುಭಾಗ ಪ್ಲಾಟ್‌ಫಾರ್ಮಿಗೆ ತಾಗುತ್ತದೆ, ತುದಿಗಳು ದೂರ. ಅದಕ್ಕೆ ಅಲ್ಲಿ ನಡುಬಾಗಿಲು ಮಾತ್ರ ತೆಗೆಯುತ್ತಿದ್ದರು. ತಟ್ಟೆಯ ಹೊರ ಅಂಚಿಗೆ ಸ್ಕೇಲ್ ಇಟ್ಟ ಹಾಗೆ.

ಹಾಗಾದರೆ ಸೌತ್ ಫೆರಿಗೆ ಸಿಕ್ಕ ಉಪಚಾರ ಸಿಟಿ ಹಾಲಿಗೆ ಯಾಕೆ ಸಿಗಲಿಲ್ಲ? ನನ್ನ ಲೆಕ್ಕದಲ್ಲಿ ಕಾರಣ ಒಂದೇ. ಸೌತ್ ಫೆರಿಯಲ್ಲಿ ಸ್ಟೇಟನ್ ಐಲೆಂಡಿನಿಂದ ದೋಣಿ ಇಳಿದು ಬರುವ ಜನ ಸಾವಿರಗಟ್ಟಲೆ, ಅವರಿಗೆ ಈ ರೈಲು ಬೇಕು. ಸಿಟಿ ಹಾಲಿನಲ್ಲಿ ಇರುವ 600 ಜನಕ್ಕೆ ಎರಡು ನಿಮಿಷದ ನಡಿಗೆಯಲ್ಲಿ ಇದಕ್ಕಿಂತ ಒಳ್ಳೆಯ ನಿಲ್ದಾಣ ಇದೆ. ದುಡ್ಡು ಎಲ್ಲಿ ಹಾಕಬೇಕು ಅಂತ ಯೋಚಿಸುವವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಚೆಂದದ ನಿಲ್ದಾಣ ಕೊಂದುಬಿಟ್ಟರು ಅಂತ ಗೋಳಾಡುವವರನ್ನು ನೋಡಿದರೆ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಪ್ರಯಾಣಿಕರು ಅದನ್ನು ಬಿಟ್ಟು ಆಗಲೇ 40 ವರ್ಷ ಆಗಿತ್ತು.

ಇನ್ನೊಂದು ಮಗ್ಗುಲನ್ನೂ ನೋಡಿ. ಅದೇ ಮೊದಲ ಮಾರ್ಗದ ಇನ್ನೂ ಮೂರು ನಿಲ್ದಾಣಗಳು ಮುಚ್ಚಿವೆ. 18ನೇ ರಸ್ತೆಯದ್ದು 1948ರಲ್ಲಿ, 91ನೇ ರಸ್ತೆಯದ್ದು 1959ರಲ್ಲಿ, ವರ್ತ್ ರಸ್ತೆಯದ್ದು 1962ರಲ್ಲಿ. ಅಕ್ಕಪಕ್ಕದ ನಿಲ್ದಾಣಗಳ ಪ್ಲಾಟ್‌ಫಾರ್ಮ್ ಉದ್ದವಾಗಿ ಹತ್ತಿರ ಬಂದಾಗ ಇವು ಬೇಡವಾದವು. ರೈಲಿನಿಂದ ಇಣುಕಿದರೆ ಗೋಡೆ ತುಂಬಾ ಬಣ್ಣದ ಗೀಚು, ಕಸ, ಕತ್ತಲು. ಬಳಕೆಯಲ್ಲಿ ಉಳಿದ ನಿಲ್ದಾಣಗಳಲ್ಲೂ ಎಷ್ಟೋ ಕಡೆ 1904ರ ಭಾಗ ಎಲ್ಲಿ ಮುಗಿಯಿತು, ಆಮೇಲೆ ಉದ್ದ ಮಾಡಿದ ಭಾಗ ಎಲ್ಲಿ ಶುರುವಾಯಿತು ಅಂತ ಗೋಡೆಯ ಟೈಲ್ ನೋಡಿಯೇ ಹೇಳಬಹುದು. ಸಿಟಿ ಹಾಲ್ ನಿಲ್ದಾಣವನ್ನು ಯಾರೂ ಉದ್ದ ಮಾಡಲಿಲ್ಲ, ಹೊಸ ಟೈಲ್ ಅಂಟಿಸಲಿಲ್ಲ, ನಡುವೆ ಕಂಬ ಕೊಟ್ಟು ಚಾವಣಿಗೆ ಆಸರೆ ಮಾಡಲಿಲ್ಲ. ಹಾಗಂತ ಮಣ್ಣು ತುಂಬಿ ಮುಚ್ಚುವ ಹಾಗೂ ಇರಲಿಲ್ಲ, ಯಾಕೆಂದರೆ ರೈಲು ತಿರುಗಿಸುವುದಕ್ಕೆ ಆ ಸುತ್ತು ಇವತ್ತಿಗೂ ಬೇಕು. ನಿಲ್ದಾಣಕ್ಕೆ ಬಾಗಿಲು ಹಾಕಿಸಿದ ತಿರುವೇ ಅದಕ್ಕೆ ಕಾವಲು ಕೂತಿದೆ.

ಆಮೇಲೆ

ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನದಾಳಿಯ ಹೆದರಿಕೆಗೆ ಬೆಳಕಿಂಡಿಗಳ ಗಾಜಿಗೆ ಟಾರು ಬಳಿದಿದ್ದರು. ಯುದ್ಧ ಮುಗಿದ ವರ್ಷವೇ ನಿಲ್ದಾಣ ಮುಚ್ಚಿದ್ದರಿಂದ ಅದನ್ನು ತೆಗೆಯುವ ಗೋಜಿಗೆ ಯಾರೂ ಹೋಗಲಿಲ್ಲ, ದಶಕಗಟ್ಟಲೆ ಹಾಗೇ ಇತ್ತು. 1979ರಲ್ಲಿ ನಗರದ ಪಾರಂಪರಿಕ ತಾಣಗಳ ಆಯೋಗ ಇದರ ಒಳಾಂಗಣವನ್ನು ಸಂರಕ್ಷಿತ ಅಂತ ಘೋಷಿಸಿತು. 1990ರ ದಶಕದಲ್ಲಿ ರಿಪೇರಿ ಮಾಡಿ ಸಾರಿಗೆ ಮ್ಯೂಸಿಯಂನ ಭಾಗವಾಗಿ ಜನರಿಗೆ ತೆರೆಯುವ ಯೋಜನೆ ಗಟ್ಟಿಯಾಗಿಯೇ ಇತ್ತು. 1998ರಲ್ಲಿ ಅದನ್ನು ಕೈಬಿಟ್ಟರು. ನಗರಸಭೆ ಕಟ್ಟಡದ ಎದುರಿಗೇ, ನೆಲದ ಕೆಳಗೆ, ಜನ ಓಡಾಡುವುದು ಭದ್ರತೆಗೆ ಒಳ್ಳೆಯದಲ್ಲ ಅನ್ನುವ ಕಾರಣಕ್ಕೆ. ಯಾವ ಜಾಗದ ಘನತೆಗೆ ಅಂತ ಇಷ್ಟು ಚೆಂದ ಮಾಡಿದರೋ ಅದೇ ಜಾಗ ಈಗ ಬಾಗಿಲು ತೆಗೆಯಲು ಬಿಡುವುದಿಲ್ಲ.

2004ರಲ್ಲಿ ಮೆಟ್ರೋಗೆ ನೂರು ತುಂಬಿತು, ಅದೇ ವರ್ಷ ನಿಲ್ದಾಣ ದೇಶದ ಐತಿಹಾಸಿಕ ತಾಣಗಳ ಪಟ್ಟಿಗೂ ಸೇರಿತು. ಈಗ ಒಳಗೆ ಕಾಲಿಡಬೇಕಾದರೆ ಸಾರಿಗೆ ಮ್ಯೂಸಿಯಂನ ಸದಸ್ಯರಾಗಿ, ಅವರು ಆಗೀಗ ನಡೆಸುವ ಪ್ರವಾಸಕ್ಕೆ ಟಿಕೆಟ್ ಗಿಟ್ಟಿಸಿಕೊಳ್ಳಬೇಕು. ನಮಗೆ ಸಿಗಲಿಲ್ಲ. ಅದಕ್ಕೇ ಕಿಟಕಿಯ ದರ್ಶನ. ನೀವು ಹೋದರೆ ರೈಲಿನ ಬಲಗಡೆ ಕೂರಿ, ಒಳಗಿನ ದೀಪ ಗಾಜಿನಲ್ಲಿ ಹೊಳೆಯದ ಹಾಗೆ ಎರಡೂ ಕೈ ಕಣ್ಣಿನ ಪಕ್ಕ ಅಡ್ಡ ಹಿಡಿಯಿರಿ.

ಮೂರನೇ ಸುತ್ತು ಮುಗಿಸಿ ಮೇಲೆ ಬಂದು ಪಾರ್ಕಿನಲ್ಲಿ ಕೂತೆವು. ಬೆಳಕಿಂಡಿ ಮೇಲಿನಿಂದ ಎಲ್ಲಾದರೂ ಕಾಣುತ್ತದಾ ಅಂತ ಅಪ್ಪನಿಗೆ ಆಸೆ. ನಗರಸಭೆಯ ಅಂಗಳಕ್ಕೆ ಬೇಲಿ, ಗೇಟಿನಲ್ಲಿ ಪೊಲೀಸರು. ಅಂಗಳದೊಳಗೆ ಒಂದಾದ ಮೇಲೊಂದು ದೊಡ್ಡ ಕಪ್ಪು ಕಾರುಗಳು ಬಂದು ನಿಲ್ಲುತ್ತಿದ್ದವು. ಅಪ್ಪ ಬೇಲಿಯ ಸಂದಿಯಲ್ಲಿ ನೆಲವನ್ನೇ ನೋಡುತ್ತಾ ನಿಂತರು, ಪೊಲೀಸಿನವನು ಇವರನ್ನೇ ನೋಡುತ್ತಾ ನಿಂತ. ಬನ್ನಿ ಅಪ್ಪಾ ಹೋಗೋಣ ಅಂತ ನಾನು ತೋಳು ಹಿಡಿದೆ.

"ಹೋಗೋಣ" ಅಂದರು ಅಪ್ಪ, ಇನ್ನೂ ಕಾರುಗಳ ಕಡೆಯೇ ನೋಡುತ್ತಾ. "ಕೆಳಗೆ ಬರೀ ಹೆಂಚಿರೋದು ಅಂತ ಅವ್ನಿಗೆ ಗೊತ್ತಾ, ಕೇಳೋ."